ತಲೆಮನೆಯ ಹೆಪ್ಪು

“ಗುರುಗಳೇ, ನನ್ನ ತರ್ಕದಲ್ಲಿ ತಪ್ಪಿಲ್ಲ ಅಂತ ನೀವೇ ಹೇಳಿದಿರಿ. ಹಾಗಿದ್ದ ಮೇಲೆ ಉತ್ತರ ಸುಳ್ಳಾಗುವುದು ಹೇಗೆ?”

ಕೇಳಿದವನು ಪಾಯಣ್ಣ, ಗಣಿತ ಕಲಿಯಲು ಬಂದ ಶಿಷ್ಯ. ಪ್ರತಿಯೊಂದು ಸಂಖ್ಯೆಯೂ ತನ್ನ ಮುಂದಿನ ಸಂಖ್ಯೆಗೆ ಸಮ ಎಂದು ಅವನು ಸಾಧಿಸಿ ಕೂತಿದ್ದ. ಒಂದು ಸಂಖ್ಯೆ ತನ್ನ ಮುಂದಿನದಕ್ಕೆ ಸಮ ಎಂದುಕೊಳ್ಳಿ. ಎರಡೂ ಕಡೆ ಒಂದೊಂದು ಕೂಡಿಸಿ. ಆಗ ಆ ಮುಂದಿನ ಸಂಖ್ಯೆಯೂ ಅದರ ಮುಂದಿನದಕ್ಕೆ ಸಮವೇ. ಹೀಗೆ ದಾಟುತ್ತ ಹೋಗುವುದು, ಅಷ್ಟೆ. ದಾಟುವ ಕ್ರಮದಲ್ಲಿ ಎಳ್ಳಷ್ಟೂ ದೋಷವಿಲ್ಲ. ಆದರೆ ಹಾಗಾದರೆ ಲೋಕದ ಸಂಖ್ಯೆಗಳೆಲ್ಲ ಒಂದೇ ಆಗಿಬಿಟ್ಟವಲ್ಲ! ಪಾಯಣ್ಣನಿಗೆ ತಲೆ ಗಿರ್ರೆನ್ನುತ್ತಿತ್ತು, ಅನ್ನ ಸೇರುತ್ತಿರಲಿಲ್ಲ. ಇದು ಬಿಡಿಸಲಾಗದಿದ್ದರೆ ಗಣಿತಕ್ಕೇ ಕೈಮುಗಿದು ಊರಿಗೆ ಹೊರಡುವುದೆಂದು ಬಟ್ಟೆಯ ಗಂಟನ್ನೂ ಕಟ್ಟಿಕೊಂಡು ಬಂದಿದ್ದ.

ಗುರುಗಳು ಗಂಟನ್ನು ಒಮ್ಮೆ ನೋಡಿದರು. “ಹೋಗುವವನನ್ನು ಯಾರಪ್ಪ ಹಿಡಿದರು? ಕತೆಯೊಂದನ್ನು ಕೇಳಿಕೊಂಡು ಹೋಗು” ಎಂದರು.

ಒಂದು ಊರು. ಆ ಊರಿಗೆ ಗುಡ್ಡದ ಇಳಿಜಾರಿನಲ್ಲಿ ಸಾಲುಮನೆಗಳ ಒಂದೇ ಬೀದಿ. ವರ್ಷಕ್ಕೊಮ್ಮೆ ಅಲ್ಲಿ ಒಂದು ವ್ರತ. ಅಂದು ಯಾವ ಮನೆಯಲ್ಲೂ ಹಳೆಯ ಮೊಸರು ಉಳಿಯಬಾರದು. ಎಲ್ಲರೂ ಗಡಿಗೆ ತೊಳೆದು ಬೋರಲು ಹಾಕಬೇಕು. ಆಮೇಲೆ ಪ್ರತಿ ಮನೆಯವರೂ ತಮ್ಮ ಮೇಲಿನ ಮನೆಯಿಂದ ಒಂದು ಚಮಚ ಹೆಪ್ಪು ತಂದು ಹಾಲಿಗೆ ಹಾಕಬೇಕು. ಬೇರೆ ಕಡೆಯಿಂದ ತರುವಂತಿಲ್ಲ.

ಬೀದಿಯ ಕೆಳತುದಿಯ ಕೊನೆಯ ಮನೆ ಒಬ್ಬ ರೈತನದು. ಆ ವರ್ಷ ವ್ರತ ಮುಗಿದ ಮೇಲೆ ಅವನ ಮಗಳಿಗೆ ಭೇದಿ ಹಿಡಿಯಿತು. ಕೊಟ್ಟದ್ದೊಂದೂ ಹೊಟ್ಟೆಯಲ್ಲಿ ನಿಲ್ಲದು. ವೈದ್ಯ ಬಂದು ನೋಡಿ, “ಮೊಸರನ್ನ ಕೊಡಿ, ಇಲ್ಲದಿದ್ದರೆ ಮಗು ಉಳಿಯುವುದು ಕಷ್ಟ” ಎಂದ. ಮನೆಯಲ್ಲಿ ಹಾಲು ಬೇಕಾದಷ್ಟಿತ್ತು, ಹೆಪ್ಪಿರಲಿಲ್ಲ.

ರೈತ ಮೇಲಿನ ಮನೆಗೆ ಓಡಿದ. ಆ ಮನೆಯವಳು ಬೋರಲು ಬಿದ್ದ ಗಡಿಗೆ ತೋರಿಸಿದಳು. “ಅಯ್ಯೋ, ನಮಗೇ ಇನ್ನೂ ಬಂದಿಲ್ಲ ಅಣ್ಣ. ಮೇಲಿನ ಮನೆಯವರು ಕೊಟ್ಟರೆ ಬೆಳಗಾಗುವಷ್ಟರಲ್ಲಿ ನಮ್ಮದೂ ಹೆಪ್ಪಾಗುತ್ತದೆ. ಯಾವತ್ತೂ ತಪ್ಪಿಲ್ಲ.” ಅದರ ಮೇಲಿನ ಮನೆಯಲ್ಲೂ ಅದೇ ಮಾತು. ಅದರ ಮೇಲಿನದರಲ್ಲೂ ಅದೇ. ರೈತನಿಗೆ ದಿಕ್ಕೇ ತೋಚಲಿಲ್ಲ. ಇಷ್ಟು ಜನರಲ್ಲಿ ಒಬ್ಬರೂ ಸುಳ್ಳು ಹೇಳುತ್ತಿಲ್ಲ, ಆದರೆ ಇಡೀ ಬೀದಿಯಲ್ಲಿ ಒಂದು ಹನಿ ಮೊಸರಿಲ್ಲ! ಅಳುತ್ತಲೇ ಹತ್ತಿಹೋಗಿ ಬೀದಿಯಲ್ಲಿ ಎಲ್ಲಕ್ಕೂ ಮೇಲಿದ್ದ ತಲೆಮನೆಯ ಮುಂದೆ ನಿಂತ.

ಬಾಗಿಲಿಗೆ ಬೀಗ ಬಿದ್ದಿತ್ತು. ಆ ಮನೆಯ ಮುದುಕಿ ವ್ರತಕ್ಕೆ ಮೊದಲೇ ಬಾಣಂತಿ ಮಗಳ ಆರೈಕೆಗೆ ಹೋಗಿದ್ದಳು. ಅವಳಿಗೆ ಮೇಲಿನ ಮನೆ ಎಂಬುದಿಲ್ಲ, ವರ್ಷವರ್ಷವೂ ಹೊಳೆಯಾಚೆಯ ತವರಿನಿಂದ ಹೆಪ್ಪು ತರಿಸುತ್ತಿದ್ದಳು. ಅದನ್ನು ಊರವರು ಯಾರೂ ಯೋಚಿಸಿರಲೇ ಇಲ್ಲ. ಎಲ್ಲರೂ ಮೇಲಿನ ಮನೆಯ ಕಡೆ ನೋಡುತ್ತ ಕೂತಿದ್ದರು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಪಾಯಣ್ಣನಿಗೆ ತಡೆಯಲಾಗಲಿಲ್ಲ.

“ಮಗು ಏನಾಯಿತು ಗುರುಗಳೇ?”

“ರೈತ ಕಟ್ಟಳೆ ಬದಿಗಿಟ್ಟು ಹೊಳೆ ದಾಟಿ ಹೋಗಿ ಹೆಪ್ಪು ತಂದ. ಬರುತ್ತ ಬೀಗದ ಮನೆಯ ಪಕ್ಕದವಳಿಗೂ ಒಂದು ಚಮಚ ಕೊಟ್ಟ. ಮಗು ಬದುಕಿತು. ಆಮೇಲೆ ಒಂದೊಂದೇ ಮನೆ ದಾಟಿ ಬೀದಿಗೆಲ್ಲ ಮೊಸರಾಯಿತು.”

ಪಾಯಣ್ಣನ ಉಸಿರು ಕೆಳಗಿಳಿಯಿತು. ಆದರೆ ಗೊಂದಲ ಹಾಗೇ ಇತ್ತು. “ಊರವರ ಮಾತು ನಿಜವೇ ಆಯಿತಲ್ಲ! ಹಾಗೆಯೇ ನನ್ನ ತರ್ಕವೂ ಒಂದರಿಂದ ಇನ್ನೊಂದಕ್ಕೆ ಸರಿಯಾಗಿಯೇ ದಾಟುತ್ತದೆ. ನನ್ನದು ಮಾತ್ರ ಯಾಕೆ ಸುಳ್ಳು?”

ಗುರುಗಳು ಅವನ ಗಂಟನ್ನು ತಮ್ಮ ಕಡೆಗೆ ಎಳೆದುಕೊಂಡರು.

“ನಿನ್ನ ಬೀದಿಯ ತಲೆಮನೆಯ ಬಾಗಿಲು ತಟ್ಟಿದ್ದೀಯೇನೋ ಪಾಯಣ್ಣ, ಒಂದು ಎರಡಕ್ಕೆ ಸಮವೇ?”

ಪಾಯಣ್ಣ ಕೈಚಾಚಿ ಗಂಟನ್ನು ಬಿಚ್ಚತೊಡಗಿದ.