ನೇಕಾರನ ಗುಳಿಗೆ

"ಗುರುಗಳೇ, ನನಗೂ ಸಿದ್ಧವೀರನಿಗೂ ದೀಕ್ಷೆ ಕೊಟ್ಟವರು ನೀವೇ. ಅವನಿಗೆ ಮುಂಜಾನೆಯ ಮೌನ ಸಾಕು ಎಂದಿರಿ. ನನಗೆ ಹೊತ್ತು ಮುಳುಗುವವರೆಗೂ ಮೌನ. ಅವನ ಹಾಗೆ ನಾನೂ ಇದ್ದರೆ ಆಗದೇ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನ ಎರಡೂ ಮೂತ್ರಪಿಂಡಗಳು ಕೆಟ್ಟವು. ಗಂಡನ ಮನೆಯವರು ಬೇಡವೆಂದರೂ ಕೇಳದೆ ತಂಗಿ ತನ್ನದೊಂದನ್ನು ಕೊಟ್ಟಳು. ದೇಹಕ್ಕೆ ತಂಗಿ ಎಂಬ ನಂಟು ತಿಳಿಯದು. ಹೊರಗಿನದು ಬಂತೆಂದು ಅದರ ಮೇಲೆ ಬೀಳುತ್ತದೆ. ಹಾಗೆ ಬೀಳದಂತೆ ತಡೆಯಲು ಬದುಕಿರುವಷ್ಟು ಕಾಲ ಗುಳಿಗೆ ನುಂಗಬೇಕು.

ಆಸ್ಪತ್ರೆಯಲ್ಲಿ ಅವನ ಪಕ್ಕದ ಹಾಸಿಗೆಯಲ್ಲಿ ಒಬ್ಬ ಬಡಗಿ ಇದ್ದ. ಅವನಿಗೂ ಅದೇ ಶಸ್ತ್ರಚಿಕಿತ್ಸೆ, ಅದೇ ಗುಳಿಗೆ. ಇಬ್ಬರೂ ಗೆಳೆಯರಾದರು. ಆದರೆ ನೇಕಾರ ನುಂಗಬೇಕಾದದ್ದು ಬಡಗಿಯ ಎರಡರಷ್ಟು.

ಮನೆಗೆ ಬಂದ ಮೇಲೆ ನೇಕಾರನ ಕೈ ನಡುಗತೊಡಗಿತು. ಹರಿದ ಎಳೆಗೆ ಗಂಟು ಹಾಕಲಾಗದೆ ಮಗ್ಗದ ಮುಂದೆ ಸುಮ್ಮನೆ ಕೂರುತ್ತಿದ್ದ. ಉಳಿ ಹಿಡಿದ ಬಡಗಿಯ ಕೈ ಮಾತ್ರ ಕದಲುತ್ತಿರಲಿಲ್ಲ. ಬಡಗಿಗಿಂತ ನನಗೇಕೆ ಹೆಚ್ಚು ಎಂದು ನೇಕಾರ ವೈದ್ಯರನ್ನು ಕೇಳಿದ.

"ಔಷಧ ಅವರ ಮೈಯಲ್ಲಿ ನಿಲ್ಲುತ್ತದೆ, ನಿಮ್ಮ ಮೈಯಲ್ಲಿ ಬೇಗ ಕರಗಿಹೋಗುತ್ತದೆ. ರಕ್ತ ನೋಡಿಯೇ ಅಳತೆ ಹಾಕಿದ್ದೇವೆ. ಗುಳಿಗೆಯಿಂದ ಕೈ ನಡುಗುವುದೇನಾದರೂ ಇದ್ದರೆ ಹೇಳಿ, ಬೇರೆ ದಾರಿ ನೋಡೋಣ" ಎಂದರು ವೈದ್ಯರು.

ನೇಕಾರ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತಿದ್ದ. ನಡುಗುತ್ತದೆ ಎಂದರೆ ಮಗ್ಗ ಬಿಡು ಎನ್ನುತ್ತಾರೆಂದು ಹೆದರಿದ. ಏನೂ ಇಲ್ಲ ಎಂದು ಎದ್ದು ಬಂದ.

ಅಂದಿನಿಂದ ಬಡಗಿ ನುಂಗುವಷ್ಟನ್ನೇ ಅವನೂ ನುಂಗಿದ. ಕೆಲವೇ ದಿನಗಳಲ್ಲಿ ನಡುಕ ನಿಂತಿತು. ರಕ್ತ ಕೊಟ್ಟರೆ ಗುಟ್ಟು ಹೊರಬೀಳುವುದೆಂದು ಆಸ್ಪತ್ರೆಗೆ ಹೋಗುವುದನ್ನೂ ಬಿಟ್ಟ. ಮೊದಲು ತಂಗಿಗೆಂದೇ ಒಂದು ಸೀರೆ ನೇಯತೊಡಗಿದ. ಅಷ್ಟು ಸುಖವಾಗಿ ಅವನು ಎಂದೂ ನೇಯ್ದಿರಲಿಲ್ಲ. ಒಳಗೆ ಅವನ ದೇಹ ತಂಗಿ ಕೊಟ್ಟದ್ದನ್ನು ತಿನ್ನುತ್ತಿತ್ತು. ನೋವಿರಲಿಲ್ಲ. ಸೀರೆ ಮುಗಿಯುವ ಹೊತ್ತಿಗೆ ಕಾಲು ಬಾತವು, ಮೂತ್ರ ನಿಂತಿತು. ವೈದ್ಯರು ಮಾಡುವುದನ್ನೆಲ್ಲ ಮಾಡಿದರು. ತಂಗಿಯ ಮೂತ್ರಪಿಂಡ ಉಳಿಯಲಿಲ್ಲ. ಮತ್ತೆ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದ.

ತಂಗಿ ಬಂದಳು.

"ಅಣ್ಣಾ, ಕೈ ನಡುಗುತ್ತದೆ ಎಂದು ಒಂದು ಮಾತು ಹೇಳಬಹುದಿತ್ತಲ್ಲ" ಎಂದಳು.

ಅವನು ಗೋಡೆಯ ಕಡೆ ತಿರುಗಿದ. ಕೊಡಲು ಅವಳಲ್ಲಿ ಇನ್ನೊಂದಿರಲಿಲ್ಲ. ಆ ಸೀರೆಯನ್ನು ಅವಳು ಉಡಲೂ ಇಲ್ಲ, ಹಿಂದಿರುಗಿಸಲೂ ಇಲ್ಲ. ಮಳೆಗಾಲಕ್ಕೆ ಮೊದಲೇ ಅವನು ತೀರಿಕೊಂಡ.

ಗುರುಗಳು ನಿಲ್ಲಿಸಿದರು. ಮರುಳಯ್ಯ, "ಔಷಧವನ್ನು ಅವನು ಪೂರ್ತಿ ಬಿಟ್ಟಿರಲಿಲ್ಲವಲ್ಲ, ಗುರುಗಳೇ" ಎಂದ.

"ಇಲ್ಲ, ದಿನವೂ ತಪ್ಪದೆ ನುಂಗಿದ, ಆದರೆ ಬಡಗಿಯ ಮೈಗೆ ಹಾಕಿದ ಅಳತೆಯಲ್ಲಿ."

ಮರುಳಯ್ಯ ತಲೆ ತಗ್ಗಿಸಿದ. ಎದ್ದು ಹೋಗಿ ಹೊತ್ತು ಮುಳುಗುವವರೆಗಿನ ತನ್ನ ಮೌನಕ್ಕೆ ಕುಳಿತ.