ಸಾಬವ್ವನ ಹತ್ತು ಸಾವಿರದ ಏಳು ಕಲ್ಲು

ಯಾವ ಕಾಲ ಎಂದು ಕೇಳಬೇಡಿ, ಯಾರಿಗೂ ಗೊತ್ತಿಲ್ಲ. ಬಹಳ ಹಿಂದೆ, ಎರೆಮಣ್ಣಿನ ಸೀಮೆಯ ಒಂದು ಊರಿನಲ್ಲಿ, ಕಲ್ಲುಕುಟಿಗರ ಸಾಬವ್ವ ಎಂಬ ಹೆಂಗಸು ಇದ್ದಳಂತೆ. ಅವಳು ಮುಟ್ಟಿದರೆ ಕಲ್ಲು ಮಾತಾಡುತ್ತಿತ್ತಂತೆ. ಕಲ್ಲು ಮಾತಾಡುವುದಿಲ್ಲ. ಅದನ್ನು ಬಿಟ್ಟು ಉಳಿದದ್ದು ಹೇಳುತ್ತೇನೆ.

ಊರಿನ ದೇಸಾಯರು ವಾಡೆಯ ಮುಂದೆ ಅಂಗಳ ಹಾಸಲು ಮೊಳದುದ್ದದ ಚೌಕ ಕಲ್ಲು ಹತ್ತು ಸಾವಿರ ಕಡಿಸಿದರಂತೆ. ಸಾಬವ್ವನ ಗಂಡ ಮಾರೆಪ್ಪ ಮೇಸ್ತ್ರಿ. ನೂರು ಸಾಲು, ಸಾಲಿಗೆ ನೂರು, ಇದರಲ್ಲೇನಿದೆ ಎಂದುಕೊಂಡ. ಸಾಲೆಲ್ಲ ಸಮ ಇರುವಂತೆ, ಒಂದು ಕಲ್ಲೂ ಒಡೆಯದಂತೆ, ಒಂದೂ ಮಿಗದಂತೆ ಹಾಸುತ್ತೇನೆ, ತಪ್ಪಿದರೆ ನಮ್ಮ ನಲವತ್ತು ಮನೆಯವರೂ ಗಣಿ ಬಿಟ್ಟು ಹೋಗುತ್ತೇವೆ ಎಂದು ಆಣೆ ಮಾಡಿದ. ಮರುದಿನ ಸುತ್ತಲಿನ ಏಳು ಹಳ್ಳಿಯವರು ನಮ್ಮದೂ ಒಂದಿರಲಿ ಎಂದು ಒಂದೊಂದು ಕಲ್ಲು ಹೊತ್ತು ತಂದರು. ದೇಸಾಯರು ಬೇಡ ಎನ್ನಲಿಲ್ಲ. ಆಣೆಯನ್ನೂ ಬಿಡಲಿಲ್ಲ.

ಮಾರೆಪ್ಪ ನೂರು ಸಾಲು ಹಾಸಿದ, ಏಳು ಉಳಿದವು. ಕಿತ್ತು ತೊಂಬತ್ತೊಂಬತ್ತು ಹಾಸಿದ, ಎಂಟು ಉಳಿದವು. ತೊಂಬತ್ತೆಂಟು ಹಾಸಿದ, ಹನ್ನೊಂದು. ತನ್ನ ಕೈಯೇ ಕೆಟ್ಟಿದೆ ಎಂದು ಊಟ ಬಿಟ್ಟನಂತೆ. ಸಾಬವ್ವ ಕಲ್ಲು ಮುಟ್ಟಲಿಲ್ಲ. ಕಟ್ಟೆಯ ಮೇಲೆ ಕೂತು ಜೋಳದ ಕಾಳಿಟ್ಟು ಲೆಕ್ಕ ಮಾಡಿದಳು. ಮೂರು ಸಾಲಿಗೆ ಎರಡು ಉಳಿಯಿತು, ಏಳಕ್ಕೆ ನಾಲ್ಕು, ತೊಂಬತ್ತೇಳಕ್ಕೆ ಹದಿನಾರು. ನೂರರವರೆಗೂ ಏನಾದರೂ ಉಳಿದೇ ಉಳಿಯಿತು. ಒಂಬತ್ತು ದಿನ ಹಿಡಿಯಿತಂತೆ. ಜನ ಒಂದು ಗಳಿಗೆ ಎನ್ನುತ್ತಾರೆ. ಒಂಬತ್ತು ದಿನವೇ ನನಗೆ ದೊಡ್ಡದು.

ತಪ್ಪು ಗಂಡನದಲ್ಲ, ಸಂಖ್ಯೆಯದು, ಅದು ಸಮ ಸಾಲಿಗೆ ಒಡೆಯುವುದಿಲ್ಲ ಎಂದು ಅವಳು ವಾಡೆಗೆ ಹೋಗಿ ಹೇಳಿದಳು. ಊರ ಲೆಕ್ಕ ಬರೆಯುವ ಕುಲಕರ್ಣಿ ನಕ್ಕ. ನೂರರವರೆಗೆ ನೋಡಿ ಸುಸ್ತಾದೆಯಾ ತಾಯಿ, ನೂರ ಮೂವತ್ತು ಯಾರು ನೋಡಬೇಕು, ಇನ್ನೂರು ಯಾರು ನೋಡಬೇಕು ಎಂದ.

"ನೂರೊಂದು ಸಾಲು ಹಾಕಿದ್ರ ಸಾಲಿಗೆ ನೂರು ಕಲ್ಲೂ ಬರಂಗಿಲ್ಲ," ಅಂದಳು ಸಾಬವ್ವ. "ನೂರರ ಒಳಗಿಂದೆಲ್ಲಾ ನೋಡೇನಿ. ನೀವು ಎದ್ದು ಪಕ್ಕಕ್ಕ ನಿಂತು ನೋಡ್ರಿ. ಉದ್ದ ಇದ್ದದ್ದು ಅಡ್ಡ ಆಗತೈತಿ, ಹಾಸು ಅದೇ."

ಕುಲಕರ್ಣಿ ನಿಜಕ್ಕೂ ಎದ್ದು ಪಕ್ಕಕ್ಕೆ ನಿಂತನಂತೆ. ಲೆಕ್ಕ ಸರಿ ಎಂದು ದೇಸಾಯರ ಕಡೆ ತಲೆ ಆಡಿಸಿದನಂತೆ.

ಹಾಗಾದರೆ ಗಣಿ ಬಿಡುತ್ತೀರಾ ಎಂದು ದೇಸಾಯರು ಕೇಳಿದರು.

"ಯಾಕ ಬಿಡೋಣ್ರಿ ದಣಿ? ಒಂದೇ ಸಾಲಾದ್ರ ಬರತೈತಿ. ಎಷ್ಟು ಸಾಲಂತ ಆಣಿಯೊಳಗಿಲ್ಲ."

ಅಷ್ಟುದ್ದದ ಅಂಗಳ ಎಲ್ಲಿದೆ ಎಂದರೆ ಅವಳು ಹೊಳೆಯ ಕಡೆ ಕೈ ತೋರಿಸಿದಳು. ಆ ದಾರಿಯಲ್ಲಿ ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ಕೊಡ ಹೊತ್ತು ಬರುತ್ತಿದ್ದರು. ಮಾರೆಪ್ಪ ಊಟ ಮಾಡಿ ಕೆಲಸಕ್ಕಿಳಿದ. ಒಂದರ ಮುಂದೊಂದು, ಹರದಾರಿ ದೂರ, ವಾಡೆಯಿಂದ ಹೊಳೆಯವರೆಗೆ. ಒಂದೂ ಮಿಗಲಿಲ್ಲ. ನಲವತ್ತು ಮನೆಯಲ್ಲಿ ಒಂದೂ ಗಣಿ ಬಿಡಲಿಲ್ಲ.

ಈಗಲೂ ವರ್ಷಕ್ಕೊಮ್ಮೆ ಏಳು ಹಳ್ಳಿಯವರು ಒಬ್ಬರ ಹಿಂದೊಬ್ಬರು ಆ ಕಲ್ಲುಗಳನ್ನು ಎಣಿಸುತ್ತಾ ಹೊಳೆಗೆ ಹೋಗುತ್ತಾರೆ. ಇಬ್ಬರ ಎಣಿಕೆ ಒಂದೇ ಬರುವುದಿಲ್ಲ. ಬುತ್ತಿ ಬಿಚ್ಚುವ ಮೊದಲು ದಂಡೆಯಲ್ಲಿ ಕೂತು, ಪ್ರತಿಯೊಬ್ಬನ ಸಂಖ್ಯೆಯನ್ನೂ ಎಲ್ಲರೂ ಹಂಚಿಕೊಂಡು ಕಾಳಿಟ್ಟು ನೂರರವರೆಗೆ ಒಡೆದು ನೋಡುತ್ತಾರೆ. ಯಾರ ಸಂಖ್ಯೆ ಒಡೆಯಿತೋ ಅವನು ಉಣ್ಣುವಂತಿಲ್ಲ. ಎದ್ದು, ವಾಡೆಯವರೆಗೂ ಹಿಂದಿರುಗಿ ನಡೆದು, ಮತ್ತೆ ಎಣಿಸಬೇಕು.