ಕಣ್ಣು ಒಂದೆಡೆ ನಿಲ್ಲದಾದ ದಿನ

ಅದು ಎಲ್ಲ ದಿನಗಳಂಥದೇ ಒಂದು ದಿನ. ನವಣೆಯ ತೆನೆ ಬಾಗಿತ್ತು. ನದಿ ಹರಿಯುತ್ತಿತ್ತು. ದೇಮವ್ವ ಹೊಲದ ನಡುವಿನ ಅಟ್ಟಣೆಯ ಮೇಲೆ ಕುಳಿತು ಗುಬ್ಬಿ ಕಾಯುತ್ತಿದ್ದಳು. ಅವಳ ಮಗಳು ಹೊನ್ನಿ, ಐದು ವರ್ಷದವಳು, ರೊಟ್ಟಿಯ ಗಂಟು ಹಿಡಿದು ಬದುವಿನ ಮೇಲೆ ಓಡಿ ಬರುತ್ತಿದ್ದಳು.

ಜಗತ್ತು ಆಗಿನ್ನೂ ಹೊಸದು. ಎಷ್ಟು ಹೊಸದೆಂದರೆ, ನದಿಗೆ ತನ್ನ ತಿರುವುಗಳೇ ಇನ್ನೂ ರೂಢಿಯಾಗಿರಲಿಲ್ಲ. ಗಾಳಿ, ನೀರು, ಹಕ್ಕಿ ಎಲ್ಲವೂ ಮನುಷ್ಯರೊಡನೆ ಮಾತಾಡುತ್ತಿದ್ದವು. ಮನುಷ್ಯರ ಒಳಗಿರುವವರೂ ಮಾತಾಡುತ್ತಿದ್ದರು.

ಒಳಗಿರುವವರು ಯಾರು ಎಂದು ಮೊದಲು ಹೇಳಬೇಕು.

ಪ್ರತಿಯೊಬ್ಬರ ತಲೆಯೊಳಗೂ ಒಬ್ಬ ಅಜ್ಜಿ ಇದ್ದಾಳೆ. ಅವಳ ಹೆಸರು ಮನಸ್ಸು. ಅವಳ ಕೋಣೆಗೆ ಕಿಟಕಿ ಇಲ್ಲ, ದೀಪವಿಲ್ಲ. ಅವಳು ಒಂದು ಸಲವೂ ಹೊರಗೆ ಬಂದವಳಲ್ಲ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಎಂಬ ಐವರು ಹೊರಗಿನಿಂದ ಅವಳಿಗೆ ಬಟ್ಟೆಯ ಚೂರು ತಂದುಕೊಡುತ್ತಾರೆ. ಕಣ್ಣು ತರುವುದು ಬಣ್ಣದ ಚೂರು. ಕಿವಿ ತರುವುದು ಸದ್ದಿನ ಚೂರು. ಅಜ್ಜಿ ಕತ್ತಲಲ್ಲೇ ಕೈಯಾಡಿಸಿ, ಯಾವುದರ ಪಕ್ಕಕ್ಕೆ ಯಾವುದು ಎಂದು ಊಹಿಸಿ, ಎಲ್ಲವನ್ನೂ ಸೇರಿಸಿ ಕೌದಿ ಹೊಲಿಯುತ್ತಾಳೆ. ನಾವು ಜಗತ್ತು ಎಂದು ಕರೆಯುವುದು ಆ ಕೌದಿಯನ್ನು.

ಆಗಿನ ಕೌದಿಯಲ್ಲಿ ಒಂದು ತೂತಿತ್ತು.

ತಪ್ಪು ಯಾರದೂ ಅಲ್ಲ. ಕಣ್ಣು ತಾನು ಕಂಡದ್ದನ್ನು ಒಳಗೆ ಕಳಿಸಬೇಕು. ಅದಕ್ಕಾಗಿ ತನ್ನ ಹಿಂದಿನ ಗೋಡೆಯಲ್ಲಿ ಒಂದು ಕಿಂಡಿ ಇಟ್ಟುಕೊಂಡಿದೆ. ಗೋಡೆಯ ಉಳಿದ ಭಾಗವೆಲ್ಲ ನೋಡುತ್ತದೆ. ಕಿಂಡಿ ನೋಡುವುದಿಲ್ಲ. ಹಾಗಾಗಿ ಪ್ರತಿ ಕಣ್ಣಿನ ಜಗತ್ತಿನಲ್ಲೂ, ನೋಟದ ನಡುವಿನಿಂದ ಸ್ವಲ್ಪ ಪಕ್ಕಕ್ಕೆ, ಒಂದು ಕಪ್ಪು ತೂತು ಇರುತ್ತಿತ್ತು. ಹತ್ತು ಹೆಜ್ಜೆ ದೂರದಲ್ಲಿ ಆ ತೂತಿನೊಳಗೆ ಒಂದು ಕೊಡ ಮುಚ್ಚಿಹೋಗುತ್ತಿತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಮಗು.

ಎರಡು ಕಣ್ಣಿನವರಿಗೆ ಅದರಿಂದ ತೊಂದರೆಯಾಗಲಿಲ್ಲ. ಒಂದರ ತೂತನ್ನು ಇನ್ನೊಂದು ಕಾಯುತ್ತಿತ್ತು. ಆದರೆ ದೇಮವ್ವನ ಎಡಗಣ್ಣು ಹುಟ್ಟಿನಿಂದಲೇ ತೆರೆದಿರಲಿಲ್ಲ. ಅವಳಿಗಿದ್ದದ್ದು ಬಲಗಣ್ಣು ಒಂದೇ. ಅದರ ತೂತು ಸದಾ ಅವಳ ಬಲಕ್ಕೆ ನಿಂತಿರುತ್ತಿತ್ತು.

ಇನ್ನೊಂದು ಮಾತು. ಆಗ ಕಣ್ಣು ಅಲುಗುತ್ತಿರಲಿಲ್ಲ. ಗೂಡಿನಲ್ಲಿಟ್ಟ ಹಣತೆಯ ಹಾಗೆ ಒಂದೇ ಕಡೆ ಕುಳಿತಿರುತ್ತಿತ್ತು. ಪಕ್ಕಕ್ಕೆ ನೋಡಬೇಕಾದರೆ ಕತ್ತು ತಿರುಗಿಸಬೇಕಾಗಿತ್ತು.

ಹೊನ್ನಿಗೆ ಅವ್ವನ ತೂತೆಂದರೆ ಬಲು ಇಷ್ಟ. ಅದರಲ್ಲಿ ಒಂದು ಆಟ ಮಾಡಿಕೊಂಡಿದ್ದಳು.

"ಯವ್ವಾ, ಬನ್ನಿ ಗಿಡ ನೋಡು. ಕತ್ತು ತಿರುಗಿಸಬ್ಯಾಡ!"

ದೇಮವ್ವ ಎದುರಿನ ಬನ್ನಿ ಗಿಡವನ್ನು ನೋಡುತ್ತಾ ಕೂರುತ್ತಿದ್ದಳು. ಹೊನ್ನಿ ಬದುವಿನ ಮೇಲೆ ಬಲಕ್ಕೆ, ಇನ್ನೂ ಬಲಕ್ಕೆ ಸರಿಯುತ್ತಿದ್ದಳು.

"ತೂತಿನಾಗ ಅದೀನೇನು?"

"ಒಂದು ಕಾಲು ಹೊರಗ ಐತಿ."

"ಈಗ?"

"ಈಗ ಜಡಿ ತುದಿ ಕಾಣತೈತಿ."

"ಈಗ?"

"ಈಗ ನನ್ನ ಮಗಳು ಇಲ್ಲ. ಯಾರೋ ಕದ್ದುಕೊಂಡು ಹೋದರು. ರೊಟ್ಟಿ ನಾನೊಬ್ಬಳೇ ತಿನ್ನಬೇಕು."

ಆಮೇಲೆ ಹೊನ್ನಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಅವ್ವ ಕತ್ತು ತಿರುಗಿಸಿ ಹಿಡಿಯುವ ತನಕ ಅವಳು ಸದ್ದು ಮಾಡಬಾರದು, ತೂತಿನಿಂದ ಹೊರಗೆ ಬರಬಾರದು. ಅದು ಆಟದ ನಿಯಮ. ದೇಮವ್ವ ಹತ್ತು ಎಣಿಸುವಷ್ಟೂ ತಾಳುತ್ತಿರಲಿಲ್ಲ. ಕಪ್ಪು ತೂತು ಅವಳನ್ನು ಚುಚ್ಚುತ್ತಿತ್ತು. ಅದರೊಳಗೆ ಮಗಳಿದ್ದಾಳೆ ಎಂದು ಗೊತ್ತಿದ್ದರೂ ಕತ್ತು ತಾನಾಗಿ ತಿರುಗುತ್ತಿತ್ತು. ಹೊನ್ನಿ ನಾಲಿಗೆ ಚಾಚಿಕೊಂಡು ನಿಂತಿರುತ್ತಿದ್ದಳು.

ಆ ದಿನವೂ ಒಂದು ಸಲ ಆಡಿದರು. ರೊಟ್ಟಿ ತಿಂದರು. ಹೊನ್ನಿ ಬದುವಿಗೆ ಆಡಲು ಹೋದಳು.

ಗುಬ್ಬಿಗಳಿಗೂ ತೂತು ಗೊತ್ತಿತ್ತು. ಅವು ಅದರೊಳಗೇ ಬಂದು ಇಳಿಯುತ್ತಿದ್ದವು.

"ದೇಮವ್ವಾ, ನಾವೆಷ್ಟು ಮಂದಿ ಅದೀವಿ ಹೇಳು ನೋಡೋಣು!"

ದೇಮವ್ವ ಕತ್ತು ಬಲಕ್ಕೆ ತಿರುಗಿಸಿ ಕವಣೆ ಬೀಸಿದಳು. ತೂತೂ ಕತ್ತಿನ ಜೊತೆ ಬಲಕ್ಕೆ ಹೋಯಿತು. ಗುಬ್ಬಿಗಳು ಅಲ್ಲಿಗೆ ಹಾರಿದವು. ಮತ್ತೆ ತಿರುಗಿದಳು. ಮತ್ತೆ ಹಾರಿದವು. ಮುಂಜಾನೆಯಿಂದ ಇದೇ ಆಗಿತ್ತು. ಕತ್ತು ನೋಯುತ್ತಿತ್ತು. ಎಲ್ಲಿ ನೋಡಿದರೂ ಅಲ್ಲಿ, ಸ್ವಲ್ಪ ಬಲಕ್ಕೆ, ಆ ಕಪ್ಪು.

ಅವಳು ಕಣ್ಣು ಮುಚ್ಚಿ ಒಳಗಿನ ಅಜ್ಜಿಯನ್ನು ಕರೆದಳು.

"ಅಜ್ಜೀ, ಈ ತೂತಿಗೆ ಏನಾರ ಮಾಡು. ಒಂದು ಗಳಿಗೆ ನೆಮ್ಮದಿಯಿಂದ ಕುಂದ್ರಾಕ ಆಗವಲ್ದು. ಇದರಾಗ ಏನೈತೋ, ಇದರಾಗ ಏನೈತೋ ಅಂತ ಜೀವ ಬಡಕೊಳ್ಳತೈತಿ."

ಅಜ್ಜಿ ಸೂಜಿ ನಿಲ್ಲಿಸಿ ಹೇಳಿದಳು: "ಅಲ್ಲಿ ಏನೈತಿ ಅಂತ ನನಗೂ ಗೊತ್ತಿಲ್ಲಲ್ಲವ್ವಾ. ಅಲ್ಲಿಂದ ಕಣ್ಣು ಚೂರು ತಂದೇ ಇಲ್ಲ."

"ಸುತ್ತ ಏನೈತೋ ಅದನ್ನೇ ಹಾಕಿ ತೇಪೆ ಹಚ್ಚು. ಯಾರಿಗೆ ಗೊತ್ತಾಗತೈತಿ?"

ಹೊಲದ ಅಂಚಿನ ಆಲದ ಪೊಟರೆಯಲ್ಲಿ ಗೂಬೆ ಕುಳಿತಿತ್ತು. ಅದು ಹೇಳಿತು: "ಬ್ಯಾಡ ದೇಮವ್ವಾ. ಕತ್ತು ತಿರುಗಿಸು. ನಾ ತಿರುಗಿಸೂದಿಲ್ಲೇನು?"

"ನಿನಗ ಹಗಲೆಲ್ಲ ನಿದ್ದಿ. ನನಗ ಹಗಲೆಲ್ಲ ಗುಬ್ಬಿ," ಎಂದಳು ದೇಮವ್ವ.

ಅಜ್ಜಿ ತೇಪೆ ಹಚ್ಚಿದಳು. ತೂತಿನ ಸುತ್ತ ನವಣೆಯಿದ್ದರೆ ನವಣೆ. ಸುತ್ತ ಆಕಾಶವಿದ್ದರೆ ಆಕಾಶ. ಹೊಲಿಗೆ ಎಷ್ಟು ಸಣ್ಣದಾಗಿತ್ತೆಂದರೆ ಅಂಚು ಎಲ್ಲಿ ಎಂದು ಅವಳ ಬೆರಳಿಗೇ ಸಿಗಲಿಲ್ಲ.

ದೇಮವ್ವ ಕಣ್ಣು ತೆರೆದಳು.

ಹೊಲ ಇಡಿಯಾಗಿತ್ತು. ಹುಟ್ಟಿದಂದಿನಿಂದ ಅವಳು ಒಂದು ಹೊಲವನ್ನು ಇಡಿಯಾಗಿ ನೋಡಿರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ತೆನೆ, ಆಚೆ ಬದುವಿನ ಹಸಿರು, ಅದರಾಚೆ ನೀರಿನ ಹೊಳಪು. ಎಲ್ಲೂ ಕಪ್ಪಿಲ್ಲ. ಯಾವುದೂ ಚುಚ್ಚುವುದಿಲ್ಲ. ಅವಳು ಕವಣೆ ಕೆಳಗಿಟ್ಟಳು. ಬನ್ನಿ ಗಿಡದ ಕಡೆ ಮುಖ ಮಾಡಿ, ಸುಮ್ಮನೆ ಕುಳಿತಳು.

"ಯವ್ವಾ, ತೂತಿನಾಗ ಹೊಂಟೆ!" ಹೊನ್ನಿ ಬದುವಿನಿಂದ ಕೂಗಿದಳು.

"ಹೂಂ, ಹೋಗು," ಎಂದಳು ದೇಮವ್ವ.

ಹೊನ್ನಿ ಬಲಕ್ಕೆ ಸರಿದಳು. ಕಾಲು ಮರೆಯಾಯಿತು, ಜಡೆ ಮರೆಯಾಯಿತು. ಅವಳು ಇದ್ದ ಕಡೆ ಹಸಿರು ಬದು ಕಂಡಿತು, ಹೊಳೆಯುವ ನೀರು ಕಂಡಿತು. ಚಂದವಾಗಿ ಕಂಡಿತು. ದೇಮವ್ವ ಕತ್ತು ತಿರುಗಿಸಲಿಲ್ಲ. ತಿರುಗಿಸು ಎಂದು ಚುಚ್ಚುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಹೊನ್ನಿ ಉಸಿರು ಬಿಗಿಹಿಡಿದು ಹತ್ತು ಎಣಿಸಿದಳು. ಅವ್ವ ತಿರುಗಲಿಲ್ಲ. ಇನ್ನೊಂದು ಹತ್ತು ಎಣಿಸಿದಳು. ಇವತ್ತು ತಾನೇ ಗೆಲ್ಲುತ್ತಿದ್ದೇನೆ ಎಂದು ಅವಳಿಗೆ ಖುಷಿಯಾಯಿತು. ಇನ್ನಷ್ಟು ಗೆಲ್ಲಬೇಕೆಂದು, ಅವ್ವನ ಕಡೆಗೇ ಮುಖ ಮಾಡಿಕೊಂಡು, ಒಂದು ಹೆಜ್ಜೆ ಹಿಂದೆ ಇಟ್ಟಳು. ತೂತು ದೂರ ಹೋದಷ್ಟೂ ದೊಡ್ಡದಾಗುತ್ತದೆ. ಇನ್ನೊಂದು ಹೆಜ್ಜೆ ಇಟ್ಟಳು. ಬದು ಇಳಿದಳು. ಮರಳಿಗೆ ಬಂದಳು. ಇನ್ನೊಂದು.

ಕಿವಿ ಒಂದು ಚೂರು ಸದ್ದು ತಂದು ಅಜ್ಜಿಯ ಕೈಗಿಟ್ಟಿತು. ದಬ್ ಎಂಬ ಸದ್ದು.

"ಅಲ್ಲಿ ಏನೈತಿ?" ಅಜ್ಜಿ ಕಣ್ಣನ್ನು ಕೇಳಿದಳು.

"ನೀ ಹೊಲಿದದ್ದನ್ನೇ ನೋಡು. ನೀರೈತಿ," ಎಂದಿತು ಕಣ್ಣು.

ನೀರಿನಲ್ಲಿ ಸದ್ದಾದರೆ ಮೀನು. ದಿನವೂ ಹಾಗೇ ಇತ್ತು. ಅಜ್ಜಿ ಅಲ್ಲೊಂದು ಮೀನು ಹೊಲಿದಳು.

ಮೀನು ಹಾರಿತು ಎಂದುಕೊಂಡಳು ದೇಮವ್ವ.

ಬಿಸಿಲು ಏರಿದ ಮೇಲೆ ಅವಳು ಮಗಳನ್ನು ಕರೆದಳು. ಉತ್ತರ ಬರಲಿಲ್ಲ. ಅಟ್ಟಣೆ ಇಳಿದಳು. ಬದುವಿನ ಮೇಲೆ ಓಡಿದಳು. ಮರಳಿನಲ್ಲಿ ಪುಟ್ಟ ಹೆಜ್ಜೆಗಳಿದ್ದವು. ಹೆಜ್ಜೆಗಳು ಅವಳ ಕಡೆಗೇ ಮುಖ ಮಾಡಿದ್ದವು. ಕೊನೆಯ ಹೆಜ್ಜೆ ನೀರಿನಂಚಿನಲ್ಲಿತ್ತು.

"ಗಾಳೀ, ನನ್ನ ಹೊನ್ನಿ?"

"ಉಸಿರು ಹಿಡಿದು ನಿಂತಿದ್ದಳು. ಮೂಗಿನಾಗ ಹೋಗಾಕೂ ನನ್ನ ಬಿಡಲಿಲ್ಲ," ಎಂದಿತು ಗಾಳಿ.

"ಹೊಳೆಯವ್ವಾ, ನನ್ನ ಹೊನ್ನಿ?"

"ನಿನ್ನನ್ನೇ ನೋಡಕೋತ ಹಿಂದಕ್ಕೆ ಹಿಂದಕ್ಕೆ ಬಂದಳು," ಎಂದಿತು ನದಿ. "ನೀ ನೋಡತೀ ಅಂತ ನಾನೂ ತಿಳಕೊಂಡೆ. ಎತ್ತಿಕೊಂಡು ಹೋದೆ. ಯಾವುದೋ ದಂಡಿಗೆ ಬಿಟ್ಟೆ."

"ಯಾವ ದಂಡಿಗೆ?"

"ನೆನಪಿಲ್ಲ ತಾಯೀ. ನನಗಿನ್ನೂ ನನ್ನ ತಿರುವುಗಳೇ ಗೊತ್ತಿಲ್ಲ."

ದೇಮವ್ವ ಮರಳಿನ ಮೇಲೆ ಕುಳಿತು ಕಣ್ಣು ಮುಚ್ಚಿದಳು.

"ಅಜ್ಜೀ, ತೇಪೆ ಬಿಚ್ಚು."

ಅಜ್ಜಿ ಬಹಳ ಹೊತ್ತು ಕೌದಿಯ ಮೇಲೆ ಬೆರಳಾಡಿಸಿದಳು. "ಅಂಚು ಸಿಗವಲ್ದು," ಎಂದಳು. "ದಾರ ಒಂದೇ. ಇಲ್ಲಿ ಬಿಚ್ಚಿದರೆ ಇಡೀ ಕೌದಿ ಬಿಚ್ಚತೈತಿ. ಹೊಲ ಇರೂದಿಲ್ಲ, ಹೊಳಿ ಇರೂದಿಲ್ಲ, ಹುಡುಕಾಕ ದಾರಿನೂ ಇರೂದಿಲ್ಲ."

"ಹಂಗಾದರ ಮುಂದಿನ ಸಲ ಅವಳು ತೇಪಿ ಕೆಳಗ ಬಂದು ನಿಂತರ? ನನಗ ಕಾಣದ ಹಂಗ ನಿಂತರ?"

ಕಣ್ಣು ಹೇಳಿತು:

"ನಾ ಇನ್ನು ಕುಂದ್ರೂದಿಲ್ಲ."

"ಅಂದರ?"

"ನಾ ಒಂದು ಕಡೆ ನಿಂತರೆ ತೇಪೆನೂ ಒಂದು ಕಡೆ ನಿಲ್ಲತೈತಿ. ನಾ ನಿಲ್ಲದಿದ್ದರ ಅದೂ ನಿಲ್ಲೂದಿಲ್ಲ. ಈಗ ಅದರ ಕೆಳಗಿದ್ದದ್ದು ಮರುಗಳಿಗೆ ಹೊರಗ ಬರತೈತಿ."

"ಎಷ್ಟು ದಿನ ಹಂಗ ಮಾಡತೀ?"

"ಸಿಗೂ ತನಕ."

ದೇಮವ್ವ ಎದ್ದಳು. ಕಣ್ಣು ತೆರೆದಳು. ಕಣ್ಣು ಮೊದಲ ಸಲ ತನ್ನ ಗೂಡಿನಲ್ಲಿ ಅಲುಗಿತು. ಬಲಕ್ಕೆ ಜಿಗಿಯಿತು, ಎಡಕ್ಕೆ ಜಿಗಿಯಿತು, ಮರಳು, ಜೊಂಡು, ಆಚೆ ದಂಡೆ, ಮತ್ತೆ ಮರಳು. ಅವಳು ನದಿಯ ಗುಂಟ ನಡೆದಳು. ಒಂದು ತಿರುವು ದಾಟಿದಳು, ಇನ್ನೊಂದು ತಿರುವು ದಾಟಿದಳು. ಆ ದಿನ ಹೊನ್ನಿ ಸಿಗಲಿಲ್ಲ. ಮರುದಿನವೂ ಸಿಗಲಿಲ್ಲ. ಅವಳು ನಡೆಯುತ್ತಲೇ ಇದ್ದಳು, ಕಣ್ಣು ಅಲುಗುತ್ತಲೇ ಇತ್ತು.

ದಾರಿಯಲ್ಲಿ ಸಿಕ್ಕವರೆಲ್ಲ ಅವಳ ಕಣ್ಣು ನೋಡಿದರು. ಏನಾಯಿತು ಎಂದು ಕೇಳಿದರು. ಕೇಳಿದವರ ಕಣ್ಣೂ ಅಂದಿನಿಂದ ನಿಲ್ಲದಾಯಿತು, ಅವಳ ಜೊತೆ ಹುಡುಕತೊಡಗಿತು. ಅವರ ತಲೆಯೊಳಗಿನ ಅಜ್ಜಿಯರು ತೇಪೆಯ ಹೊಲಿಗೆಯನ್ನೂ ಕಲಿತರು. ಹೀಗೆ ಎರಡೂ ಊರಿಂದೂರಿಗೆ ಹೋದವು. ಗೂಬೆ ಮಾತ್ರ ಕೇಳಲು ಬರಲಿಲ್ಲ. ಅದರ ಕಣ್ಣು ಈಗಲೂ ಅಲುಗುವುದಿಲ್ಲ. ಅದು ಇಂದಿಗೂ ಕತ್ತನ್ನೇ ತಿರುಗಿಸುತ್ತದೆ.

ನಿಮ್ಮ ಕಣ್ಣಿನಲ್ಲೂ ಆ ತೇಪೆ ಇದೆ. ಬಿಳಿ ಹಾಳೆಯ ಮೇಲೆ, ಅಕ್ಕಪಕ್ಕದಲ್ಲಿ, ಅರ್ಧ ಗೇಣು ಅಂತರದಲ್ಲಿ, ಎರಡು ಸಣ್ಣ ಗುರುತು ಮಾಡಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಎಡಗಡೆಯ ಗುರುತನ್ನೇ ನೋಡುತ್ತಾ, ತೋಳು ಚಾಚಿ ಹಿಡಿದ ಹಾಳೆಯನ್ನು ನಿಧಾನವಾಗಿ ಹತ್ತಿರ ತನ್ನಿ. ಒಂದು ಹಂತದಲ್ಲಿ ಬಲಗಡೆಯ ಗುರುತು ಇಲ್ಲವಾಗುತ್ತದೆ. ಅಲ್ಲಿ ಕಪ್ಪು ಕಾಣುವುದಿಲ್ಲ. ಬಿಳಿ ಹಾಳೆ ಕಾಣುತ್ತದೆ.

ಆಮೇಲೆ ಪಕ್ಕದಲ್ಲಿ ಓದುತ್ತಿರುವ ಗೆಳತಿಯ ಕಣ್ಣನ್ನು ನೋಡಿ. ಅದು ಸಾಲಿನ ಮೇಲೆ ಜಾರುವುದಿಲ್ಲ, ಜಿಗಿಯುತ್ತದೆ. ಒಂದು ಸೆಕೆಂಡಿಗೆ ಸುಮಾರು ಮೂರು ಸಲ ಜಿಗಿಯುತ್ತದೆ. ಕಣ್ಣು ಜಿಗಿಸದೆ ಓದು ಎಂದು ಹೇಳಿ ನೋಡಿ. ಅವಳಿಂದ ಆಗುವುದಿಲ್ಲ.

ಮಲಗಿದ ಮಗುವಿನ ರೆಪ್ಪೆ ಮುಚ್ಚಿರುತ್ತದೆ. ಸ್ವಲ್ಪ ಹೊತ್ತು ಕಾದರೆ, ಅದರ ಕೆಳಗೆ ಕಣ್ಣು ಅತ್ತಿತ್ತ ಓಡಾಡುವುದು ಕಾಣುತ್ತದೆ.